ಹಲಗೆ ಸವೆಯುವವರೆಗೆ

ಗಂಡನ ಚಾಚಿದ ತೋಳಿನ ಮೇಲೆ ಮಗಳ ಒದ್ದೆ ಬಟ್ಟೆ ಹರವಿ, ಅವನ ಬಾಯಿಗೆ ಗಂಜಿ ಹನಿಸಿ, ಒತೊಸೆ ಅಚ್ಚಿನ ಮನೆಗೆ ಹೊರಟಳು. ಎಡೊ ಪಟ್ಟಣದಲ್ಲಿ ಕಬುಕಿ ನಾಟಕದ ನಟನ ಚಿತ್ರ ಅಚ್ಚಾಯಿತೆಂದರೆ, ಅದನ್ನು ಕೆತ್ತಿದ ಮರದ ಹಲಗೆ ಸವೆದುಹೋಗುವವರೆಗೆ ಅವನು ಅದೇ ಭಂಗಿಯಲ್ಲಿ ನಿಂತಿರಬೇಕು. ಇವನು ಕಣ್ಣು ಮೆಳ್ಳೆ ಮಾಡಿ ನಿಂತಾಗ ಹೊಟ್ಟೆಯಲ್ಲಿದ್ದ ಮಗಳು ಈಗ ಪಟಪಟ ಮಾತಾಡುತ್ತಾಳೆ.

ಹೆಚ್ಚು ಅಚ್ಚಾದರೆ ಬೇಗ ಸವೆಯುತ್ತದೆಂದು ಒತೊಸೆ ತಾನೇ ಬೀದಿಗಿಳಿದು, ದೋಣಿಯವರನ್ನೂ ಸ್ನಾನದ ಮನೆಯ ಹೆಂಗಸರನ್ನೂ ಬಿಡದೆ ಗಂಡನ ಚಿತ್ರ ಮಾರಿದ್ದಳು.

“ಬಾಮ್ಮಾ, ನೋಡು,” ಎಂದು ಅಚ್ಚು ಹಾಕುವ ಮುದುಕ ಕಿಹಾಚಿ ಹಾಳೆ ಎತ್ತಿ ತೋರಿಸಿದ. “ಹುಬ್ಬು ಹೋಯ್ತು, ಮೂಗೂ ಅಳಿಸ್ತಾ ಇದೆ. ಸಂಜೆಗೆಲ್ಲ ನಿನ್ನ ಗಂಡ ಗೊರಕೆ ಹೊಡೀತಿರ್ತಾನೆ.”

“ಹೊಡೀಲಿ ಅಜ್ಜ. ಹಾಸಿಗೆ ಹಾಸೇ ಬಂದಿದೀನಿ.”

ಅಷ್ಟರಲ್ಲಿ ಅಂಗಡಿಯ ಯಜಮಾನ ಒಳಗಿನಿಂದ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿದ. “ಎಲ್ಲ ನಿನ್ನ ಕೈಗುಣ, ತಾಯಿ! ಯಾರ ಚಿತ್ರಕ್ಕೂ ಇಷ್ಟು ಗಿರಾಕಿ ಕಂಡಿಲ್ಲ. ಊರೆಲ್ಲ ಇನ್ನೂ ಬೇಕು ಅಂತಿದೆ.” ಅವನ ಕೈಯಲ್ಲಿ ಹೊಸ ಹಲಗೆಯಿತ್ತು. ಅದೇ ಮುಖ, ಅದೇ ಚಾಚಿದ ತೋಳು, ಗೆರೆಗಳೆಲ್ಲ ಹೊಚ್ಚ ಹೊಸವು. “ಗಟ್ಟಿ ಮರ ಹುಡುಕಿ ಕೆತ್ತಿಸಿದೀನಿ. ಈಗಷ್ಟೇ ಮೊದಲ ಹಾಳೆನೂ ತೆಗೆಸಿದೆ.”

ಕಿಹಾಚಿ ಎತ್ತಿದ್ದ ಹಾಳೆಯನ್ನು ಕೆಳಗಿಟ್ಟ.

ಮನೆಯಲ್ಲಿ ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. “ಅಮ್ಮಾ, ಅಪ್ಪನ ಬೆರಳು ಅಲ್ಲಾಡ್ತಿತ್ತು! ಆಮೇಲೆ ನಿಂತೋಯ್ತು.”

ಒತೊಸೆ ಹಾಸಿಗೆ ಸುತ್ತಿಟ್ಟಳು. ತೋಳಿನ ಮೇಲಿನ ಬಟ್ಟೆ ಒಣಗಿತ್ತು. ಅದನ್ನು ತೆಗೆದು ಇನ್ನೊಂದು ಒದ್ದೆ ಬಟ್ಟೆ ಹರವಿದಳು.