ಹೇಳಿಕೊಟ್ಟ ತಮ್ಮ

ಆಷಾಢ ಕಳೆದ ಮಾರನೇ ದಿನ, ಬೆಳಿಗ್ಗೆ ಹತ್ತು ಗಂಟೆಗೆ, ನನ್ನ ಹಳೇ ಮನೆ ಕೊಳ್ಳುವವರು ವಕೀಲರನ್ನು ಕರೆದುಕೊಂಡು ಬಂದರು. ಅದನ್ನು ಮಾರಿದರೇನೇ ನಾನು ಕಟ್ಟಿಸುತ್ತಿದ್ದ ಹೊಸ ಮನೆಗೆ ಸೂರು. ಹಳೇದರಲ್ಲಿ ಮೂರು ವರ್ಷದಿಂದ ಒಬ್ಬ ದರ್ಜಿ ಬಾಡಿಗೆಗಿದ್ದ. ತೆರಿಗೆಗೆ ಹೆದರಿ ನಾನು ಕರಾರು ಬರೆಸಿರಲಿಲ್ಲ. ಮಾರುವ ಸುದ್ದಿಯನ್ನೂ ಅವನಿಗೆ ಹೇಳಿರಲಿಲ್ಲ. ಬಿಡೋದಿಲ್ಲ ಅಂದಾನು ಅಂತ ಅನುಮಾನ.

ವಕೀಲರು ಕಡತ ಬಿಚ್ಚಿ, ಆ ಮನೆಯ ಬಾಗಿಲಲ್ಲಿ ನಿಂತಿದ್ದ ದರ್ಜಿಯನ್ನು ಕೇಳಿದರು: “ನೀವ್ಯಾರಪ್ಪ?”

“ಇವರ ಒಡಹುಟ್ಟಿದ ತಮ್ಮ, ಸ್ವಾಮಿ.”

ಕಳ್ಳ, ಪಾಲಿಗೆ ಹೊಂಚು ಹಾಕಿದ್ದಾನೆ!

“ಸುಳ್ಳು! ಬಾಡಿಗೆಯವನು,” ಎಂದೆ.

“ಹಾಗಾದರೆ ಕರಾರು ತೋರಿಸಿ.”

ಬರೆಸಿದ್ದರಲ್ಲವೇ ತೋರಿಸೋದು!

“ಅಣ್ಣನಿಗೆ ಮುನಿಸು ಬಂದರೆ ಹೀಗೇ ಸ್ವಾಮಿ,” ಎಂದ ದರ್ಜಿ. “ತಮ್ಮನ ಹತ್ತಿರ ಯಾರಾದರೂ ಬಾಡಿಗೆ ತಗೋತಾರಾ?”

“ಪಾಲುದಾರ ಇರೋ ಮನೆ ಬೇಡ, ನಡೀರಿ,” ಎಂದು ಕೊಳ್ಳುವವರಿಗೆ ಪಿಸುಗುಟ್ಟಿ ವಕೀಲರು ಕಡತ ಮುಚ್ಚಿದರು.

ಅವರು ಬೀದಿ ತಿರುಗಿದ ಮೇಲೆ ದರ್ಜಿ ನಗುತ್ತ ನನ್ನ ಕಿವಿಗೆ ಬಾಗಿದ: “ತೆರಿಗೆಯವರು ಬಂದರೆ ತಮ್ಮ ಅನ್ನು ಅಂತ ಮೂರು ವರ್ಷದ ಹಿಂದೆ ನೀವು ಹೇಳಿಕೊಟ್ಟ ಹಾಗೇ ಹೇಳಿದೆ ಯಜಮಾನ್ರೇ. ಹೇಗೆ ನಂಬಿಬಿಟ್ಟರು ನೋಡಿ!”