ಭಂಡಾರ ಮೆತ್ತಿದ ಗಾಯ

"ಇವತ್ತೇ ಹೊಲೀರಿ ಡಾಕ್ಟರಮ್ಮ. ಇನ್ನ ಕಾಯಾಕ ಆಗಂಗಿಲ್ಲ."

ಕೊಂಡಮ್ಮ ಬಾಗಿಲಿಗೆ ಅಡ್ಡ ನಿಂತುಬಿಟ್ಟಿದ್ದಳು. ಮಂಚದ ಮೇಲಿದ್ದ ಅವಳ ಮಗ ಆಂಜಿಯತ್ತ ನೋಡಲು ಡಾಕ್ಟರ್ ವಿಷ್ಣುಪ್ರಿಯಾಗೆ ಧೈರ್ಯ ಸಾಲಲಿಲ್ಲ.

ಹೊಳಗುಂದದ ಕಡೆ ದಸರೆಯ ಬನ್ನಿ ದಿನ ದೇವರ ಉತ್ಸವದಲ್ಲಿ ನಡೆಯುವ ಬಡಿಗೆ ಕಾಳಗದಲ್ಲಿ ತಲೆ ಒಡೆದವರು ಆಸ್ಪತ್ರೆಗೆ ಓಡುವುದು ಕಡಿಮೆ. ಒಂದು ಹಿಡಿ ಭಂಡಾರ, ಅಂದರೆ ದೇವರ ಅರಿಶಿನ, ಗಾಯಕ್ಕೆ ಮೆತ್ತಿಕೊಂಡು ಮನೆ ಸೇರುತ್ತಾರೆ. ಕೊಂಡಮ್ಮನೂ ಮಗನ ಹಣೆಗೆ ಅದನ್ನೇ ಮೆತ್ತಿದ್ದಳು. ಜ್ವರ ಏರಿ, ಮಾತು ತೊದಲಿದ ಮೇಲೆ ಆದೋನಿಯ ಈ ಆಸ್ಪತ್ರೆಗೆ ಹೊತ್ತು ತಂದಳು. ಪೊಲೀಸರೂ ಬಂದು ಬರೆದುಕೊಂಡು ಹೋಗಿದ್ದರು.

ಅಂಥ ಗಾಯವನ್ನು ಕೂಡಲೇ ಹೊಲಿದರೆ ಕೀವು ಒಳಗೇ ಕೂರುತ್ತದೆ. ತೆರೆದಿಟ್ಟು, ದಿನಾ ತೊಳೆದು, ಚೊಕ್ಕವಾದ ಮೇಲೆ ಹೊಲಿಯಬೇಕು. ಈ ವಿಷಯದಲ್ಲಿ ವಿಷ್ಣುಪ್ರಿಯಾ ಯಾರಿಗೂ ಜಗ್ಗುವವಳಲ್ಲ. ಕೊಂಡಮ್ಮ ದಿನವೂ ಕೇಳುತ್ತಿದ್ದಳು, ಇವಳು ದಿನವೂ ತಾಳು ಎನ್ನುತ್ತಿದ್ದಳು.

"ಗಾಯ ಇನ್ನ ಚೊಕ್ಕ ಆಗಿಲ್ಲಮ್ಮ," ಎಂದಳು ಈಗಲೂ, ರೂಢಿಯ ಬಲದಿಂದ.

"ಸಂಜಿಗೆ ಬೀಗರು ಬರ್ತಾರ್ರಿ, ಇವನ್ನ ನೋಡಾಕ. ಗೊತ್ತು ಮಾಡಿದ ಹುಡುಗಿನೂ ಬರ್ತಾಳಂತ. ಹಿಂಗ ಬಾಯಿ ತಕ್ಕೊಂಡಿರೋ ಗಾಯ ಆಕಿಗೆ ಹೆಂಗ ತೋರಿಸ್ಲಿ? ಹೊಸ ಅಂಗಿನೂ ತಂದೀನಿ."

ವಿಷ್ಣುಪ್ರಿಯಾ ವಾದ ಬಿಟ್ಟಳು. ನರ್ಸ್ ಸುಷಮಾಗೆ ಸೂಜಿ, ದಾರ ತರಲು ಹೇಳಿದಳು. ಎಲ್ಲಕ್ಕಿಂತ ಸಣ್ಣ ದಾರ, ಮುಖದ ಮೇಲೆ ಎದ್ದು ಕಾಣದಂಥದ್ದು.

"ನೋವು ಗೊತ್ತಾಗದಂಗ ಮೊದಲ ಇಂಜೆಕ್ಷನ್ ಮಾಡ್ರಿ. ನನ್ನ ಮಗ ನೋವು ತಡಕೊಳ್ಳಂಗಿಲ್ಲ."

ಸುಷಮಾ ಡಾಕ್ಟರ ಮುಖ ನೋಡಿ, ಕಿಟಕಿಯತ್ತ ತಿರುಗಿಕೊಂಡಳು. ವಿಷ್ಣುಪ್ರಿಯಾ ಗಾಯದ ಸುತ್ತ ಇಂಜೆಕ್ಷನ್ ಕೊಟ್ಟಳು. ಮದ್ದು ಹಿಡಿಯಲು ಬೇಕಾದಷ್ಟು ಹೊತ್ತು ಸುಮ್ಮನೆ ಕಾದಳು. ಆಮೇಲೆ ಒಂದೊಂದೇ ಹೊಲಿಗೆ ಹಾಕತೊಡಗಿದಳು. ಇಷ್ಟು ದಿನ ಈ ತಾಯಿಯನ್ನು ಕಾಯಿಸಿದ್ದು ಸರಿಯೋ ತಪ್ಪೋ ಎಂದು ಪ್ರತಿ ಗಂಟಿಗೂ ತನ್ನನ್ನೇ ಕೇಳಿಕೊಂಡಳು.

ಆಂಜಿ ಒಮ್ಮೆಯೂ ಅಲುಗಲಿಲ್ಲ. ಕೊಂಡಮ್ಮ ಅವನ ಕೈ ಹಿಡಿದು, "ಆತಪ್ಪ, ಇನ್ನ ಒಂದೇ ಐತಿ, ಆತು," ಎನ್ನುತ್ತಲೇ ಇದ್ದಳು.

ಕೊನೆಯ ಗಂಟು ಬಿತ್ತು. ಕೊಂಡಮ್ಮ ಬಗ್ಗಿ ನೋಡಿದಳು. ಹಣೆ ಮೊದಲಿನಂತೆಯೇ ಕಾಣುತ್ತಿತ್ತು.

"ನೋವಾಗ್ಲಿಲ್ಲಲ್ಲ ಡಾಕ್ಟರಮ್ಮ?"

"ಇಲ್ಲಮ್ಮ. ಒಂಚೂರೂ ಆಗ್ಲಿಲ್ಲ."

ಅಂದೇ ಬೆಳಿಗ್ಗೆ ಆಂಜಿಯ ಉಸಿರು ನಿಂತಾಗ ಅವನ ಕಣ್ಣು ಮುಚ್ಚಿಸಿದ್ದವಳೂ ಕೊಂಡಮ್ಮನೇ.