ತತ್ತಿ ಯಾರ ಪಾಲು

ಅಂಗನವಾಡಿಯಿಂದ ಬಾಣಂತಿಯರಿಗೆ ಕೊಡುವ ಮೊಟ್ಟೆ ನಿಜಕ್ಕೂ ಅವರ ಹೊಟ್ಟೆಗೇ ಸೇರುತ್ತಿದೆಯೇ ಎಂದು ವಿಚಾರಿಸುತ್ತ ವಿನುತಾ ಮನೆಮನೆ ಸುತ್ತುತ್ತಿದ್ದಳು. ಈ ಮನೆಯಲ್ಲಿ, ಎಳೆಗೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದ ಸೊಸೆಯನ್ನು ಏನು ಕೇಳಿದರೂ ಉತ್ತರ ಬರುತ್ತಿದ್ದುದು ಅತ್ತೆಯ ಬಾಯಿಂದ.

“ತತ್ತಿ ದಿನಾ ತಿಂತಾಳ್ರಿ. ಹಾಲೂ ಕುಡೀತಾಳ.”

ಸೊಸೆಯ ಕೆನ್ನೆ ಬತ್ತಿತ್ತು. ಇನ್ನೂ ನಲವತ್ತು ದಾಟದ ಅತ್ತೆ ಮಾತ್ರ ಮೈಕೈ ತುಂಬಿಕೊಂಡಿದ್ದಳು. ಇಂಥ ಅತ್ತೆಯರನ್ನು ವಿನುತಾ ಬೇಕಾದಷ್ಟು ಕಂಡಿದ್ದಳು. ಕುಡಿಯಲು ನೀರು ಕೇಳುವ ನೆಪದಲ್ಲಿ ಆಕೆಯನ್ನು ಒಳಗೆ ಕಳಿಸಿ, ಸೊಸೆಯ ಹತ್ತಿರ ಸರಿದು ಕುಳಿತಳು.

“ಹೆದರಬೇಡಮ್ಮ, ನಾನು ಯಾರಿಗೂ ಹೇಳಲ್ಲ. ನಿನ್ನ ಮೊಟ್ಟೆ ತಿನ್ನೋದು ನಿಮ್ಮತ್ತೆ ತಾನೆ?”

ಸೊಸೆ ತಲೆ ತಗ್ಗಿಸಿದಳು. “ಹೌದ್ರಿ.”

“ಕಸ್ಕೊಂಡು ತಿಂತಾರಾ?”

“ಇಲ್ರಿ. ಒಲ್ಲೆ ಅಂದ್ರೂ ನಾನ ಆಣಿ ಹಾಕಿ ತಿನ್ನಸ್ತೀನ್ರಿ.”

“ಬಾಣಂತಿ ನೀನು! ಅವರಿಗ್ಯಾಕೆ ತಿನ್ನಿಸ್ತೀಯ?” ವಿನುತಾಳ ದನಿ ಏರಿತು.

ಸೊಸೆ ಅಡುಗೆಮನೆಯ ಕಡೆಗೊಮ್ಮೆ ನೋಡಿ ಪಿಸುಗುಟ್ಟಿದಳು:

“ಮೊಮ್ಮಗ ಹುಟ್ಟಿದ ಮ್ಯಾಲ ಅಂಗನವಾಡ್ಯಾಗ ತಮ್ಮ ಹೆಸರು ಬರಸಾಕ ಅವ್ರಿಗೆ ನಾಚಿಕಿರಿ. ಈಗ ಐದು ತಿಂಗಳ ಬಸರಿ ಅದಾರ.”